ಮೈಕಕ್ಕ ಸುಮ್ಮನಿರುವ ಹೊತ್ತು

ಆ ಬೆಳಿಗ್ಗೆ ಮೈಕಿನ ಮುಂದೆ ಆಕೆ ಇರಲಿಲ್ಲ. ಮೈಕಿನಲ್ಲಿ ಆಕೆಯ ದನಿ ಇತ್ತು. 'ಹೊಲ ಖಾಲಿ' ಎಂದು ಆ ದನಿ ಹೇಳಿತು. ಹೇಳಿದ ಮೇಲೆ ನಿಂತ ಕಬ್ಬಿಗೆ ನಾಲ್ಕು ಕಡೆಯಿಂದ ಬೆಂಕಿ ಹಚ್ಚಿದರು. ಹೊಲದ ಒಳಗೆ ಒಬ್ಬ ಹೆಂಗಸು ಇದ್ದಳು. ಆಸ್ಪತ್ರೆಯಲ್ಲಿ ಎರಡು ದಿನ ಇದ್ದು ಸತ್ತಳು.

ಅದಾಗಿ ತಿಂಗಳಾಗುತ್ತ ಬಂತು. ಈಗ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಕಬ್ಬು ಬೆಳೆಗಾರರ ಸಂಘದ ಅಂಗಳದಲ್ಲಿ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು ಒಂದರ ಬಾಲಕ್ಕೆ ಒಂದು ಅಂಟಿಕೊಂಡು ತೂಕಕ್ಕೆ ಕಾಯುತ್ತಿವೆ. ಡ್ರೈವರುಗಳು ಸ್ಟೇರಿಂಗಿನ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಾರೆ. ಸಕ್ಕರೆ ಕಾರ್ಖಾನೆಯ ಕಡೆಯಿಂದ ಕಾಕಂಬಿಯ ಹುಳಿನಾತ ತೇಲಿ ಬರುತ್ತಿದೆ. ಅಂಗಳದ ಮೂಲೆಯ ಕಬ್ಬಿಣದ ಮೆಟ್ಟಿಲನ್ನು ಐವತ್ತು ದಾಟಿದ ಹೆಂಗಸೊಬ್ಬಳು ಹತ್ತುತ್ತಿದ್ದಾಳೆ. ಒಂದು ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು, ಇನ್ನೊಂದು ಕೈಯಲ್ಲಿ ಚೀಟಿಗಳ ಕಟ್ಟು. ನಡುವೆ ಎರಡು ಕಡೆ ಮೆಟ್ಟಿಲು ತುಕ್ಕು ಹಿಡಿದು ಕಿತ್ತುಹೋಗಿದೆ. ಕತ್ತಲಲ್ಲಿಯೂ ಅವಳ ಕಾಲಿಗೆ ಅದು ಗೊತ್ತು.

ಸುತ್ತಲಿನ ಎಂಟು ಊರಿಗೆ ಆಕೆ ಮೈಕಕ್ಕ. ಹೆತ್ತವರು ಇಟ್ಟ ಹೆಸರು ಬೇರೆ ಇದೆ. ಅದನ್ನು ಕೂಗಿದರೆ ತನಗೇ ತಿರುಗಿ ನೋಡುವ ಅಭ್ಯಾಸ ತಪ್ಪಿದೆ ಎನ್ನುತ್ತಾಳೆ. ಮೇಲೆ ತಗಡಿನ ಮಾಡಿನ ಒಂದು ಕೋಣೆ. ಒಂದು ಮೇಜು, ಒಂದು ಸ್ಟೂಲು, ತಂತಿ ಸುತ್ತಿದ ಹಳೆಯ ಆಂಪ್ಲಿಫೈಯರ್. ಇಲ್ಲಿಂದ ಹೊರಟ ತಂತಿ ಕಂಬದಿಂದ ಕಂಬಕ್ಕೆ ಹಾರಿ ಪ್ರತಿ ಊರಿನ ನೀರಿನ ಟ್ಯಾಂಕಿನ ಮೇಲಿರುವ ಹಾರ್ನಿಗೆ ಮುಟ್ಟುತ್ತದೆ. ಮೈಕಿಗೆ ಗಂಡನ ಹಳೆಯ ಬನಿಯನ್ನಿನ ತುಂಡು ಸುತ್ತಿದೆ. ಆಕೆ ಮೈಕು ಊದುವುದಿಲ್ಲ. ಉಗುರಿನಿಂದ ಎರಡು ಸಲ ತಟ್ಟುತ್ತಾಳೆ.

"ಊದಿದ್ರೆ ಮಲಗಿದೋರ ಕಿವೀಲಿ ಊದಿದ ಹಾಗಾಗುತ್ತೆ. ತಟ್ಟಿದ್ರೆ ಬಾಗಿಲು ತಟ್ಟಿದ ಹಾಗೆ. ಎದ್ದು ಬರ್ತಾರೆ."

ಆಮೇಲೆ ಶುರು. "ಕಬ್ಬು ಬೆಳೆಗಾರರ ಗಮನಕ್ಕೆ. ಇವತ್ತು ಕಡಿತದ ಸರದಿ ಕಾಲುವೆ ಆಚೆಯವರದು. ಈಚೆಯವರು ಮಚ್ಚು ಮಸೆದುಕೊಂಡು ಕೂತಿದ್ದರೆ ಕೆಳಗಿಡಿ, ನಾಳೆ ನೋಡೋಣ. ಕಾರ್ಖಾನೇಲಿ ಕಬ್ಬು ಇಳಿಸೋ ಯಂತ್ರದ ಸರಪಳಿ ತುಂಡಾಗಿದೆ. ಮಧ್ಯಾಹ್ನದವರೆಗೆ ಹೊಸದಾಗಿ ಕಡಿಯಬೇಡಿ. ಕಡಿದಿಟ್ಟ ಕಬ್ಬು ಬಿಸಿಲಿಗೆ ಒಣಗಿದರೆ ಇಳಿಯೋ ತೂಕ ನಿಮ್ಮದು, ಸರಪಳಿಯದಲ್ಲ. ಕುಳೆ ಕಬ್ಬಿಗೆ ಗೊಣ್ಣೆಹುಳ ಬಿದ್ದಿದೆ. ಸುಳಿ ಒಣಗಿದ್ದು ಕಂಡರೆ ಬುಡ ಕಿತ್ತು ನೋಡಿ. ಗಾಳಿ ಇವತ್ತು ಶಾಲೆ ಕಡೆ ಬೀಸ್ತಿದೆ, ಮಸಿ ಉದುರುತ್ತೆ. ಬಿಳಿ ಬಟ್ಟೆ ಹೊರಗೆ ಹಾಕಬೇಡಿ. ಸೇತುವೆ ಹತ್ತಿರ ಎಡಗಾಲಿನ ಚಪ್ಪಲಿ ಒಂದು ಸಿಕ್ಕಿದೆ. ಬಲಗಾಲಿನದು ಮಾತ್ರ ಹಾಕಿಕೊಂಡು ಓಡಾಡ್ತಾ ಇರೋರು ಬಂದು ತಗೊಂಡು ಹೋಗಿ."

ಒಂದು ಚೀಟಿ ಓದುತ್ತಾಳೆ, ಬೋರಲು ಹಾಕುತ್ತಾಳೆ, ಒಂದು ಗುಟುಕು ಬಿಸಿನೀರು ಕುಡಿಯುತ್ತಾಳೆ. ಇಂದಿನ ಕಟ್ಟಿನಲ್ಲಿ ಕೈಬರಹದ ಚೀಟಿಗಳ ಕೆಳಗೆ ಒಂದೇ ಒಂದು ಟೈಪು ಮಾಡಿದ ಹಾಳೆ ಇದೆ. ಅದು ನಿನ್ನೆ ಸಂಜೆ ಸಂಘದ ಮ್ಯಾನೇಜರು ಕೊಟ್ಟದ್ದು. ಓದಿದರೆ ಬೆಂಕಿಯಲ್ಲಿ ಸತ್ತವಳೇ ತಪ್ಪಿತಸ್ಥೆಯಾಗುತ್ತಾಳೆ. ಓದದಿದ್ದರೆ ಈ ಕೋಣೆಯ ಬೀಗದ ಕೈ ಕೊಟ್ಟು ಮೆಟ್ಟಿಲಿಳಿಯಬೇಕು. ಹಾಳೆಯನ್ನು ಆಕೆ ಎಲ್ಲದರ ಅಡಿಗೆ ಇಟ್ಟಿದ್ದಾಳೆ.

ಇಂಥವರನ್ನು ಎಲೆಮರೆಯ ಕಾಯಿ ಎಂದು ಕರೆದು ಕೈತೊಳೆದುಕೊಳ್ಳುವುದು ಎಲ್ಲರಿಗೂ ರೂಢಿಯಾಗಿದೆ. ಆ ಎಲೆ ಯಾರದು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಸಂಘದ ಕೆಳಗಿನ ಹಾಲಿನಲ್ಲಿ ಇದುವರೆಗಿನ ಅಧ್ಯಕ್ಷರುಗಳ ಫೋಟೊ ಸಾಲಾಗಿ ತೂಗಿವೆ. ಅವರಲ್ಲಿ ಎಷ್ಟೋ ಜನರ ದನಿ ಹೇಗಿತ್ತೆಂದು ಯಾರಿಗೂ ನೆನಪಿಲ್ಲ. ಮೈಕಕ್ಕನ ದನಿ ತೊಟ್ಟಿಲ ಕೂಸಿಗೂ ಗೊತ್ತು. ಆದರೆ ಸಂಘದ ನೌಕರರಲ್ಲಿ ಸಾರುವವಳು ಎಂಬ ಹುದ್ದೆಯೇ ಇಲ್ಲ. ಲೆಕ್ಕಕ್ಕೆ ಆಕೆ ಕಸ ಗುಡಿಸುವ ದಿನಗೂಲಿ. ಅದು ಸುಳ್ಳಾಗಬಾರದೆಂದೋ ಏನೋ, ಮೈಕು ಆರಿಸಿ ಕೆಳಗಿಳಿದ ಮೇಲೆ ಪೊರಕೆ ಹಿಡಿದು ಅಂಗಳದ ತುಂಬ ಬಿದ್ದ ಕಬ್ಬಿನ ಒಣಗರಿಯ ರವದಿಯನ್ನೂ ಆಕೆಯೇ ಗುಡಿಸಬೇಕು.

"ಎರಡು ಕೆಲಸ, ಒಂದು ಕೂಲಿ. ಗಂಟಲಿಗೆ ಪುಕ್ಕಟೆ," ಎಂದು ನಗುತ್ತಾಳೆ.

ಮನೆಯಲ್ಲಿ ಆಕೆಯ ದನಿ ಕೇಳದ ಒಬ್ಬ ಮನುಷ್ಯನಿದ್ದಾನೆ. ಆತ ಗಂಡ. ಕಾರ್ಖಾನೆಯಲ್ಲಿ ಕಬ್ಬು ನುರಿಯುವ ಯಂತ್ರಕ್ಕೆ ಎಣ್ಣೆ ಬಿಡುತ್ತ ಅರ್ಧ ಆಯುಸ್ಸು ಕಳೆದವನು. ಯಂತ್ರದ ಸದ್ದು ಮೊದಲು ಅವನ ಎಡಗಿವಿಯನ್ನು ತಿಂದಿತು, ಆಮೇಲೆ ಬಲಗಿವಿಯನ್ನು. ಕಿವಿ ಹೋದ ಮೇಲೆ ಕಾರ್ಖಾನೆಯವರು ಅವನನ್ನೂ ಮನೆಗೆ ಕಳಿಸಿದರು. ಹೆಂಡತಿಯ ತುಟಿ ನೋಡಿ ಮಾತು ತಿಳಿಯುತ್ತಾನೆ. ಜಗಳ ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಾನೆ.

"ಎಂಟು ಊರು ಇವಳ ಮಾತು ಕೇಳುತ್ತೆ. ಕೇಳದೆ ಸುಖವಾಗಿರೋ ಗಂಡಸು ನಾನೊಬ್ಬನೇ," ಎನ್ನುತ್ತಾನೆ ಆತ, ತನಗೇ ಕೇಳದ ಎತ್ತರದ ದನಿಯಲ್ಲಿ.

"ಬಾಯಿ ಮುಚ್ಚಿಕೊಂಡು ಉಣ್ಣಿ," ಎಂದು ಆಕೆ ತುಟಿ ಬಿಡಿಸಿ ಹೇಳುತ್ತಾಳೆ.

"ಬಾಯಿ ಮುಚ್ಚಿಕೊಂಡು ಹೇಗೆ ಉಣ್ಣೋದೇ?"

ಇಬ್ಬರಿಗೂ ನಗು ಬರುತ್ತದೆ. ಈಚೆಗೆ ಆ ನಗು ಅರ್ಧಕ್ಕೆ ನಿಲ್ಲುತ್ತದೆ.

ಆಕೆ ಮೈಕು ಹಿಡಿಯುವ ಮುಂಚೆ ಮಚ್ಚು ಹಿಡಿದವಳು. ಅವ್ವನ ಬೆನ್ನ ಹಿಂದೆ ಕಬ್ಬು ಕಡಿಯಲು ಹೋದಾಗ ಇನ್ನೂ ಲಂಗ ಉಡುವ ವಯಸ್ಸು. ಕಡಿಯುವ ಮುಂಚೆ ಹೊಲಕ್ಕೆ ಬೆಂಕಿ ಕೊಡುವುದು ಈ ಕಡೆಯ ಕೆಲಸದ ರೀತಿ. ಒಣಗಿದ ಎಲೆ ಉರಿದುಹೋಗುತ್ತದೆ, ಜಲ್ಲೆ ಉಳಿಯುತ್ತದೆ; ಕಡಿಯುವವರ ಕೈ ಕೊಯ್ಯುವುದಿಲ್ಲ, ಕೆಲಸ ಬೇಗ ಸಾಗುತ್ತದೆ. ಬೇಗ ಸಾಗುವುದು ಯಾರಿಗೆ ಲಾಭ ಎಂಬುದು ಬೇರೆ ಮಾತು. ಒಂದು ಬೆಳಿಗ್ಗೆ ಆ ಹುಡುಗಿ ಬಹಿರ್ದೆಸೆಗೆಂದು ಕಬ್ಬಿನ ಸಾಲಿನೊಳಗೆ ಹೋಗಿದ್ದಳು. ಹೊರಗಿನವರು ನೋಡದೆ ಕಡ್ಡಿ ಗೀರಿದರು. ಸಾಲು ಹಿಡಿದು ಓಡಿ ಕಾಲುವೆಗೆ ಬಿದ್ದು ಬದುಕಿಕೊಂಡಳು. ಎಡಗಾಲಿನ ಮೀನಖಂಡದ ಮೇಲೆ ಆ ಬೆಂಕಿಯ ಗುರುತು ಈಗಲೂ ಸುಕ್ಕುಗಟ್ಟಿ ಹೊಳೆಯುತ್ತದೆ.

"ಕಬ್ಬಿನ ಒಳಗೆ ಬೆಂಕಿ ಬಂದ್ರೆ ಮೊದಲು ಕಾಣೋದಿಲ್ಲ, ಕೇಳುತ್ತೆ. ಜಲ್ಲೆ ಸಿಡಿಯೋ ಸದ್ದು. ಯಾವ ಕಡೆಯಿಂದ ಬರ್ತಿದೆ ಅಂತ ಗೊತ್ತಾಗಲ್ಲ. ಎಲ್ಲ ಕಡೆಯಿಂದ ಬಂದ ಹಾಗೇ ಇರುತ್ತೆ," ಎನ್ನುತ್ತಾಳೆ.

ಮುಂದೆ ಹೊಲದ ಬಳಿ ಕೂಗಿ ಹೇಳಲು ಗಟ್ಟಿ ಗಂಟಲಿನವರು ಬೇಕೆಂದು ಸಂಘದವರು ಹುಡುಕಿದಾಗ ಈಕೆ ಸಿಕ್ಕಳು. ಕೊಟ್ಟ ಕೆಲಸಕ್ಕೆ ಕೈಮುಗಿದು ಸುಮ್ಮನಾಗಲಿಲ್ಲ. ಒಂದು ಷರತ್ತು ಹಾಕಿದಳು. ಆ ಷರತ್ತೇ ಮುಂದೆ ಇಲ್ಲಿನ ವಾಡಿಕೆಯಾಯಿತು. ಬೆಂಕಿ ಕೊಡುವ ಹೊಲದ ಬದುವಿಗೆ ಗೂಡ್ಸ್ ಆಟೋ ಬರುತ್ತದೆ, ಅದರ ತಲೆಯ ಮೇಲೆ ಬ್ಯಾಟರಿಯ ಹಾರ್ನು. ಮೈಕಕ್ಕ ಮೊದಲು ಹೊಲ ಯಾರದೆಂದು ಹೇಳುತ್ತಾಳೆ. ಒಳಗಿದ್ದವರು ಹೊರಗೆ ಬನ್ನಿ ಎಂದು ಮೂರು ಸಲ ಕೂಗುತ್ತಾಳೆ. ಆಮೇಲೆ ಸುಮ್ಮನಾಗುತ್ತಾಳೆ. ಆ ಸುಮ್ಮನಿರುವ ಹೊತ್ತಿನಲ್ಲಿ ನಾಲ್ಕು ಜನ ನಾಲ್ಕು ಮೂಲೆಯಿಂದ ಸಾಲು ಹಿಡಿದು ಒಳಗೆ ನಡೆದು, ನೋಡಿ, ಹೊರಬಂದು 'ಈ ಮೂಲೆ ಖಾಲಿ' ಎಂದು ಕೂಗಬೇಕು. ನಾಲ್ಕು ಕೂಗೂ ಕಿವಿಗೆ ಬಿದ್ದ ಮೇಲೆ ಮೈಕಕ್ಕ 'ಹೊಲ ಖಾಲಿ' ಎನ್ನುತ್ತಾಳೆ. ಆಕೆ ಅನ್ನುವವರೆಗೆ ಯಾರೂ ಕಡ್ಡಿ ಗೀರುವಂತಿಲ್ಲ.

ಕೆಲವೊಮ್ಮೆ ಆ ಸುಮ್ಮನಿರುವ ಹೊತ್ತು ಬಹಳ ಉದ್ದವಾಗುತ್ತಿತ್ತು. ಕಾರ್ಖಾನೆಯಿಂದ ಫೋನಿನ ಮೇಲೆ ಫೋನು ಬರುತ್ತಿತ್ತು. ಹೊಲದ ಯಜಮಾನರು ಗೊಣಗುತ್ತಿದ್ದರು. "ಏನಕ್ಕ, ನಿದ್ದೆ ಬಂತಾ?" ಎಂದು ಆಟೋ ಡ್ರೈವರು ಕಿಚಾಯಿಸುತ್ತಿದ್ದ. ಒಮ್ಮೆ ಮೂರು ಮೂಲೆಯಿಂದ ಕೂಗು ಬಂದು ನಾಲ್ಕನೆಯದು ಬರಲೇ ಇಲ್ಲ. ಹೋಗಿ ನೋಡಿದರೆ, ಹುಡುಕಲು ಹೋದವನೇ ಬದುವಿನ ಮೇಲೆ ಕೂತು ಕಬ್ಬು ಜಗಿಯುತ್ತಿದ್ದ. ಆ ದಿನ ಆಕೆ ಮೈಕಿನಲ್ಲೇ ಅವನಿಗೆ ಬೈದದ್ದು ಎಂಟು ಊರಿಗೂ ನೆನಪಿದೆ. ಇನ್ನೊಮ್ಮೆ ಕರು ಸಿಕ್ಕಿತು. ಮತ್ತೊಮ್ಮೆ ಕುಡಿದು ಮಲಗಿದ್ದ ಒಬ್ಬ ಮಹಾನುಭಾವ ಸಿಕ್ಕಿದ. ಆಕೆ ಹೊಲದ ಬಳಿ ನಿಂತಿದ್ದ ಇಷ್ಟು ವರ್ಷಗಳಲ್ಲಿ ಮನುಷ್ಯರ ಕೂದಲು ಸುಟ್ಟಿಲ್ಲ.

ಆ ಬೆಂಕಿಯಲ್ಲಿ ಸತ್ತ ಸೋಗೆಯಕ್ಕ ಈ ವಾಡಿಕೆಯನ್ನು ಚೆನ್ನಾಗಿ ಬಲ್ಲವಳು. ಬೆಂಕಿ ಬೀಳುವ ಮುಂಚೆ ಹೊಲ ಹೊಕ್ಕು, ಹಸುವಿಗೆ ಕಬ್ಬಿನ ತುದಿಯ ಹಸಿ ಸೋಗೆ ಮುರಿದು ಹೊರೆ ಕಟ್ಟಿ ತರುವುದು ಆಕೆಯ ದಿನದ ಮೊದಲ ಕೆಲಸವಾಗಿತ್ತು. ಬೆಂಕಿ ಬಿದ್ದ ಮೇಲೆ ಸೋಗೆ ಎಲ್ಲಿ ಸಿಗುತ್ತದೆ? ಹಾಗಾಗಿ ಮೈಕಕ್ಕ ಕೂಗುವಾಗಲೆಲ್ಲ ಕೊನೆಗೊಂದು ಮಾತು ಸೇರಿಸುತ್ತಿದ್ದಳು: "ಸೋಗೆಯಕ್ಕಾ, ಇದ್ದೀಯೇನೇ? ಸಾಕು ಬಾ. ನಿನ್ನ ಹಸು ಹೊಟ್ಟೆ ಒಡೆದು ಸತ್ತೀತು." ಒಳಗಿಂದ ಉತ್ತರ ಬರುತ್ತಿತ್ತು: "ಬಂದೆ ಕಣೇ, ಹೊರೆ ಎತ್ತೋಕೆ ಬಿಡ್ತೀಯೋ ಇಲ್ಲವೋ?" ಹೊರೆ ಮೊದಲು ಕಾಣುತ್ತಿತ್ತು, ಅದರ ಕೆಳಗೆ ಆಮೇಲೆ ಸೋಗೆಯಕ್ಕ.

ಹೋದ ಹಂಗಾಮು ಮುಗಿದ ಮೇಲೆ ಮ್ಯಾನೇಜರು ದನಿ ಹಿಡಿದಿಡುವ ಒಂದು ಯಂತ್ರ ತಂದರು. ಬಿಳಿ ಅಂಗಿಯ, ಕಡಿಮೆ ಮಾತಿನ ಮನುಷ್ಯ. ಎದುರು ಕೂತವರ ಮುಖ ನೋಡದೆ ಅವರ ತಲೆಯ ಮೇಲಿನ ಗೋಡೆ ನೋಡಿ ಮಾತಾಡುತ್ತಾರೆ. "ಅಕ್ಕ, ನಿಮಗೂ ವಯಸ್ಸಾಯ್ತು. ರಜಾ ಹಾಕಿದ ದಿನ ಏನು ಮಾಡೋಣ? ಒಂದ್ಸಲ ಹೇಳಿಟ್ಟುಬಿಡಿ," ಎಂದರು. ಮೈಕಕ್ಕನಿಗೆ ಅದು ನ್ಯಾಯವೆಂದೇ ಕಂಡಿತು. ಸಂಘದ ಕಂಪ್ಯೂಟರ್ ನೋಡಿಕೊಳ್ಳುವವನ ಎದುರು ಕೂತು ಹೇಳಿದಳು. ಬೆಂಕಿಯ ಎಚ್ಚರಿಕೆಯ ಸರದಿ ಬಂದಾಗ, ಮೂರು ಸಲ ಕೂಗಿ, ಎಂದಿನ ಹಾಗೆ ಸುಮ್ಮನಾದಳು.

"ಸುಮ್ಮನೆ ಕೂತೆ. ಅವನು ನನ್ನ ಮುಖ ನೋಡಿದ. ಕೈ ತೋರಿಸಿ ಇರು ಅಂದೆ. ನಾಲ್ಕು ಮೂಲೆಗೆ ಹೋಗಿ ಬರೋಷ್ಟು ಹೊತ್ತು ಬೇಕಲ್ಲ? ಅಷ್ಟೂ ಹೊತ್ತು ಬಿಟ್ಟೆ. ಆಮೇಲೆ ಹೊಲ ಖಾಲಿ ಅಂದೆ. ಇದನ್ನ ಹಾಕೋರು ಅಲ್ಲಿ ನಿಲ್ಲಿಸಿ, ಕೂಗು ಬಂದ ಮೇಲೆ ಮುಂದಕ್ಕೆ ಬಿಡಬೇಕು ಅಂತಾನೂ ಹೇಳಿದೆ. ಆಯ್ತಕ್ಕ ಅಂದ."

ಆಯ್ತಕ್ಕ ಎಂದವನು ಕೆಟ್ಟವನಲ್ಲ. ಆಕೆ ಎದ್ದು ಹೋದ ಮೇಲೆ ಇಡೀ ಮಾತನ್ನು ಯಂತ್ರದಲ್ಲಿ ಅಚ್ಚುಕಟ್ಟು ಮಾಡಿದ. ಕೆಮ್ಮು ತೆಗೆದ, ಫ್ಯಾನಿನ ಸದ್ದು ತೆಗೆದ. ಮಾತೇ ಇಲ್ಲದ ಆ ಉದ್ದನೆಯ ಭಾಗವನ್ನೂ ತೆಗೆದ. ಈಗ ಕೇಳಿದರೆ ತಲೆ ತಗ್ಗಿಸುತ್ತಾನೆ. "ನಡುವೆ ಏನೂ ಇರ್ಲಿಲ್ಲ. ಸುಮ್ನೆ ಜಾಗ ತಿನ್ನುತ್ತಿತ್ತು ಅಂತ ಕತ್ತರಿಸಿದೆ," ಎನ್ನುತ್ತಾನೆ. ಹೊಲವನ್ನೇ ನೋಡದವನಿಗೆ ಹಾಗನ್ನಿಸಿದರೆ ಅದು ಅವನ ತಪ್ಪು ಎನ್ನಬಹುದು. ಅವನಿಗೆ ಹೊಲ ತೋರಿಸದೆ ಹೊಲದ ಕೆಲಸ ಕೊಟ್ಟವರ ತಪ್ಪನ್ನು ಏನೆನ್ನಬೇಕು?

ಹಂಗಾಮು ಶುರುವಾಗಿ ಕೆಲವು ದಿನಕ್ಕೆ ಮೈಕಕ್ಕನಿಗೆ ಜ್ವರ ಬಂತು. ಗಂಟಲು ಕಟ್ಟಿತು. ಪಿಸುಮಾತೂ ಹೊರಡದ ಹಾಗಾಯಿತು. ಮೂರನೆಯ ಬೆಳಿಗ್ಗೆ ಹಾಸಿಗೆಯಲ್ಲಿ ಮಲಗಿದ್ದವಳಿಗೆ ದೂರದ ಹೊಲದ ಕಡೆಯಿಂದ ತನ್ನದೇ ದನಿ ಕೇಳಿಸಿತು. ಯಾರ ಹೊಲವೆಂದು ಹೇಳಲಿಲ್ಲ. 'ಈ ಹೊಲಕ್ಕೆ' ಎಂದಿತು. ಒಳಗಿದ್ದವರು ಹೊರಗೆ ಬನ್ನಿ ಎಂದು ಮೂರು ಸಲ ಕೂಗಿತು. ಮೂರನೆಯ ಕೂಗಿನ ಬಾಲಕ್ಕೇ 'ಹೊಲ ಖಾಲಿ' ಎಂದಿತು.

"ಉಸಿರು ತಗೊಳ್ಳೋಷ್ಟೂ ಬಿಡ್ಲಿಲ್ಲ ಅದು," ಎನ್ನುತ್ತಾಳೆ ಮೈಕಕ್ಕ. ತನ್ನ ದನಿಯನ್ನು ಆಕೆ ಈಗ 'ಅದು' ಎನ್ನುತ್ತಾಳೆ.

ಎದ್ದು ಬಾಗಿಲಿಗೆ ಬಂದು ಕೂಗಲು ಬಾಯಿ ತೆರೆದಳು. ಗಾಳಿ ಮಾತ್ರ ಬಂತು. ಅಂಗಳದಲ್ಲಿ ಗಂಡ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ. ಬೆನ್ನು ಅವಳ ಕಡೆ ಇತ್ತು. ಅವನಿಗೆ ಯಾವ ದನಿಯೂ ಕೇಳಿರಲಿಲ್ಲ. ಓಡಿ ಹೋಗಿ ಭುಜ ಹಿಡಿದು ತಿರುಗಿಸಿ, ತುಟಿ ಬಿಡಿಸಿ, ಕೈ ಎತ್ತಿ ತೋರಿಸಿದಳು. ಅವನು ನೋಡುವ ಹೊತ್ತಿಗೆ ಹೊಗೆ ಎದ್ದಿತ್ತು. ದನಿ ಸತ್ತ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಕಿವಿ ಸತ್ತ ಗಂಡ ಸೈಕಲ್ ತುಳಿದ. ಅವರು ಮುಟ್ಟಿದಾಗ ಹೊಲ ಅರ್ಧ ಉರಿದಿತ್ತು. ಬೆಂಕಿ ಕೊಟ್ಟವರು ಹೊಸ ತಂಡ. ಬೇರೆ ಕಡೆಯಿಂದ ಅದೇ ವಾರ ಕರೆತಂದವರು. ಮೈಕು 'ಖಾಲಿ' ಅಂದ ಕೂಡಲೇ ಕಡ್ಡಿ ಗೀರಬೇಕೆಂದು ಅವರಿಗೆ ಹೇಳಿದ್ದರು. ಮೂಲೆ ನೋಡಿ ಬರಬೇಕೆಂದು ಹೇಳಿರಲಿಲ್ಲ. ಮರುದಿನವೇ ಆ ತಂಡವನ್ನು ಎಲ್ಲಿಗೋ ಸಾಗಿಸಿದರು.

ಆಸ್ಪತ್ರೆಯಲ್ಲಿ ಸೋಗೆಯಕ್ಕನ ಮಂಚದ ಬಳಿ ಮೈಕಕ್ಕ ಕೂತಿದ್ದಳು. ಸೋಗೆಯಕ್ಕನಿಗೆ ಮಾತು ಬರುತ್ತಿತ್ತು, ಈಕೆಗೆ ಬರುತ್ತಿರಲಿಲ್ಲ. ಸೋಗೆಯಕ್ಕ ತನ್ನ ಮಗಳಿಗೆ ಹೇಳಿದ್ದನ್ನು ಈಕೆಯೂ ಕೇಳಿದಳು.

"ಹೊರಗೆ ಬನ್ನಿ ಅಂದ್ಲು, ಎದ್ದೆ. ಹೊರೆ ಕಟ್ತಾ ಇದ್ದೆ. ಅಷ್ಟರಲ್ಲಿ ಖಾಲಿ ಅಂದುಬಿಟ್ಲು. ಮೂಲೆಯವರ ಕೂಗಿಲ್ಲ, ನನ್ನ ಹೆಸರು ಹಿಡಿದು ಕರೀಲಿಲ್ಲ. ನಾನಿನ್ನೂ ಒಳಗಿದ್ದೀನಲ್ಲ, ನಾನಿರೋ ಹೊಲಾನ ಅವಳು ಖಾಲಿ ಅಂತಾಳಾ? ಇದು ನಮ್ಮ ಹೊಲ ಅಲ್ಲ, ಪಕ್ಕದ್ದು ಅಂದ್ಕೊಂಡೆ. ಇನ್ನೆರಡು ಹಿಡಿ ಮುರಿಯೋಣ ಅಂತ ಮತ್ತೆ ಕೂತೆ."

ಹೊಗೆ ಮೂಗಿಗೆ ಬಂದ ಮೇಲೂ ಆಕೆ ಮೈಕಕ್ಕನ ಮಾತನ್ನೇ ನಂಬಿದಳು. ಈ ಒಂದು ವಾಕ್ಯವನ್ನು ಮೈಕಕ್ಕ ಯಾರಿಗೂ ಹೇಳುವುದಿಲ್ಲ. ಗಂಡ ಹೇಳುತ್ತಾನೆ, ಆಕೆ ಒಳಗೆ ಹೋದಾಗ.

ಗಂಟಲು ಬಿಟ್ಟ ಮೇಲೆ ಮೊದಲ ಸಲ ಮೈಕಿಗೆ ಹೋದ ದಿನ ಮೆಟ್ಟಿಲ ಕೆಳಗೆ ಸೋಗೆಯಕ್ಕನ ಮಗಳು ನಿಂತಿದ್ದಳು. ಅವಳೂ ಕಬ್ಬು ಕಡಿಯುವವಳು. ಮಚ್ಚನ್ನು ಸೆರಗಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದಳು.

"ಅಕ್ಕ, ಒಂದು ಮಾತು ಕೇಳ್ಬೇಕು. ಅವತ್ತು ನೀನೇ ಹೇಳಿದ್ದಾ?"

"ಅಲ್ಲ ಮಗಾ. ನಾನು ಮಲಗಿದ್ದೆ."

"ಮತ್ತೆ ದನಿ ನಿಂದೇ ಅಲ್ವಾ?"

"ದನಿ ನಂದೇ."

"ಹಾಗಾದ್ರೆ ನಾನು ಯಾರನ್ನ ಕೇಳ್ಬೇಕು?"

ಉತ್ತರ ಇರಬೇಕಾದವರ ಹತ್ತಿರ ಇದೆ, ಅವರನ್ನು ಕೇಳಲು ಈ ಹುಡುಗಿಯನ್ನು ಬಾಗಿಲೊಳಗೆ ಬಿಡುವುದಿಲ್ಲ. ಅಂದಿನಿಂದ ಮಗಳು ಕೂಗು ಕೇಳಿದರೆ ಹೊಲದಿಂದ ಓಡಿ ಬರುತ್ತಾಳೆ. 'ಖಾಲಿ' ಎಂಬ ಮಾತು ಕೇಳಿದರೆ ಮಾತ್ರ ಕಿವಿ ಮುಚ್ಚಿಕೊಳ್ಳುತ್ತಾಳೆ. ಅವಳು ಎದುರಿಗಿದ್ದಾಗ ಆ ಮಾತನ್ನು ಹೇಳಲು ಮೈಕಕ್ಕನಿಗೂ ನಾಲಿಗೆ ಏಳುವುದಿಲ್ಲ. ಹೇಳದಿದ್ದರೆ ಕೆಲಸ ಶುರುವಾಗುವುದಿಲ್ಲ. ಮೂಲೆಯವರ ಕೂಗಿಗೆ ಈಗ ಎರಡು ಸಲ ಕಾಯುತ್ತಾಳೆ. ನಾಲ್ಕೂ ಕೂಗು ಬಂದ ಮೇಲೆ ಇನ್ನೊಮ್ಮೆ ಹೋಗಿ ಬನ್ನಿ ಎನ್ನುತ್ತಾಳೆ. ಕಡಿಯುವವರು ಮೊದಲು ಗೊಣಗುತ್ತಿದ್ದರು. ಈಗ ಮಾತಾಡದೆ ಹೋಗಿ ಬರುತ್ತಾರೆ.

ಊರಿನಲ್ಲಿ ಎರಡು ಮಾತಿದೆ. ಆ ದಿನ ಮೈಕಕ್ಕನ ದನಿಯನ್ನು ಕಿವಿಯಾರೆ ಕೇಳಿದವರು, ಆಕೆ ಅಲ್ಲಿದ್ದಳೆಂದೇ ನಂಬಿದ್ದಾರೆ. ಮಲಗಿದ್ದಳೆಂದು ಹೇಳಲು ಮುಂದೆ ಬರುವವನು ಗಂಡ ಒಬ್ಬನೇ. "ಕಿವುಡನ ಸಾಕ್ಷಿ ಯಾರು ಕೇಳ್ತಾರೆ? ಅವಳು ಮಾತಾಡಿಲ್ಲ ಅಂತ ನಾನು ಹೇಳಿದ್ರೆ, ಮಾತಾಡಿದ್ರೂ ನಿನಗೆ ಕೇಳಿಸ್ತಿತ್ತೇನಯ್ಯ ಅಂತ ನಗ್ತಾರೆ," ಎನ್ನುತ್ತಾನೆ. ನಗುವಂಥ ಮಾತೇ. ಹೇಳಿದವನು ನಗುವುದಿಲ್ಲ.

ನಾಳೆ ಈ ಸಾವಿನ ವಿಚಾರಣೆಗೆ ಮೇಲಿನ ಅಧಿಕಾರಿಗಳು ಬರುತ್ತಾರೆ. ಅದಕ್ಕೇ ನಿನ್ನೆ ಸಂಜೆ ಮೈಕಕ್ಕನಿಗೆ ಮ್ಯಾನೇಜರ ಕೋಣೆಯಿಂದ ಕರೆ ಬಂದದ್ದು. ಎಂದೂ ಇಲ್ಲದ್ದು, ಕುರ್ಚಿ ತೋರಿಸಿ ಕೂರಿ ಎಂದರಂತೆ. "ಅಕ್ಕ, ನೀವು ನಮ್ಮ ಮನೆಯವರಿದ್ದ ಹಾಗೆ," ಎಂದರಂತೆ.

"ಮನೆಯವರು ಅಂದಾಗಲೇ ಗೊತ್ತಾಯ್ತು, ತಲೆ ಮೇಲೆ ಏನೋ ಹೊರಿಸ್ತಾರೆ ಅಂತ," ಎನ್ನುತ್ತಾಳೆ ಮೈಕಕ್ಕ.

ಹೊರಿಸಿದ್ದು ಆ ಟೈಪು ಮಾಡಿದ ಹಾಳೆ. ಅದರಲ್ಲಿ ಇರುವುದಿಷ್ಟು: "ಅವಘಡದ ದಿನ ನಾನು ಖುದ್ದಾಗಿ ಹೊಲದ ಬಳಿ ನಿಂತು ಮೂರು ಬಾರಿ ಎಚ್ಚರಿಕೆ ಕೊಟ್ಟಿದ್ದೆ. ನಾಲ್ಕು ಮೂಲೆಯಿಂದಲೂ ಉತ್ತರ ಬಂದ ಮೇಲೆಯೇ ಹೊಲ ಖಾಲಿ ಎಂದು ಸಾರಿದ್ದೆ. ಎಚ್ಚರಿಕೆ ಮೀರಿ ಒಳಗೆ ಉಳಿದ ಮಹಿಳೆಯ ಸಾವಿಗೆ ಸಂಘ ಹೊಣೆಯಲ್ಲ." ಇದನ್ನು ಬೆಳಗಿನ ಸುದ್ದಿಯ ಜೊತೆ ಎಂಟು ಊರಿಗೆ ಓದಬೇಕು. ಸಹಿ ಸಾಲದೇ ಎಂದರೆ, ಸಾಲದು. ಸಂಘದ ಸಹಿಯನ್ನು ಬೆಳೆಗಾರರು ನಂಬುವುದು ಬಿಟ್ಟು ಎಷ್ಟೋ ಕಾಲವಾಯಿತು. ದನಿಯನ್ನು ನಂಬುತ್ತಾರೆ. ಇಂದು ಮೈಕಿನಲ್ಲಿ ಕೇಳಿದ್ದನ್ನು ನಾಳೆ ವಿಚಾರಣೆಯಲ್ಲಿ ಎಂಟು ಊರಿನವರೂ ತಾವೇ ಕಂಡಂತೆ ಹೇಳುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಹಳೆಯ ಚಾಳಿ. ಇಲ್ಲಿ ಬರೆ ಬೀಳುವುದು ಸುಟ್ಟು ಸತ್ತವಳ ಮೈಮೇಲೆ. ಅದನ್ನು ಹಾಕುವ ಕೈ ಮಾತ್ರ ಅವಳ ಗೆಳತಿಯದೇ ಆಗಬೇಕಂತೆ.

ಕೆಲಸ ಹೋದರೆ ಏನು ಮಾಡುವಿರಿ ಎಂದರೆ ಮೈಕಕ್ಕ ಬೇರೆಯದನ್ನೇ ಹೇಳುತ್ತಾಳೆ. "ನನಗೆ ಒಂದೇ ಆಸೆ. ಆ ಯಂತ್ರದೊಳಗೆ ಇರೋದನ್ನ ಅಳಿಸಿಬಿಡ್ಲಿ. ಇಲ್ಲಾಂದ್ರೆ ಆ ನಡುವಿನ ಹೊತ್ತನ್ನ ಎಲ್ಲಿತ್ತೋ ಅಲ್ಲಿಗೆ ವಾಪಸ್ ಇಡ್ಲಿ. ನಾನು ಸತ್ತ ಮೇಲೂ ಅದು ಕೂಗ್ತಾನೇ ಇರುತ್ತಲ್ಲ, ಆವಾಗ ಯಾರು ಹೋಗಿ ನೋಡ್ತಾರೆ?"

ಈ ಬೆಳಿಗ್ಗೆ ಕೈಬರಹದ ಚೀಟಿಗಳು ಮುಗಿಯುತ್ತ ಬಂದಿವೆ. ಬೀಜದ ಕಬ್ಬು ಬೇಕಾದವರು ಯಾರನ್ನು ನೋಡಬೇಕು ಎಂಬುದಾಯಿತು. ರಾತ್ರಿ ಟ್ರೇಲರಿನ ಹಿಂದೆ ಕೆಂಪು ಪಟ್ಟಿ ಇಲ್ಲದೆ ನಿಲ್ಲಿಸಬೇಡಿ ಎಂಬುದಾಯಿತು. ಅಷ್ಟರಲ್ಲಿ ಕಬ್ಬಿಣದ ಮೆಟ್ಟಿಲು ಸದ್ದು ಮಾಡುತ್ತದೆ. ಗೊತ್ತಿಲ್ಲದ ಕಾಲು, ಕಿತ್ತುಹೋದ ಜಾಗದಲ್ಲಿ ಎರಡು ಕಡೆಯೂ ಮುಗ್ಗರಿಸುತ್ತದೆ. ಬಾಗಿಲಲ್ಲಿ ಮ್ಯಾನೇಜರು. ಈ ಕೋಣೆಗೆ ಅವರು ಬಂದದ್ದು ಇದೇ ಮೊದಲು. ಸ್ಟೂಲು ಒಂದೇ ಇರುವುದರಿಂದ ನಿಂತೇ ಇರುತ್ತಾರೆ. ನೋಡಲು ಎದುರಿಗೆ ಗೋಡೆಯೂ ಹತ್ತಿರದಲ್ಲೇ ಇದೆ.

ಮೈಕಕ್ಕ ಕೊನೆಯ ಕೈಚೀಟಿ ಓದುತ್ತಾಳೆ: "ಸೋಗೆಯಕ್ಕನ ಹಸು ಮಾರಾಟಕ್ಕಿಲ್ಲ. ಕೇಳೋಕೆ ಬರಬೇಡಿ ಅಂತ ಮಗಳು ಹೇಳಿದಾಳೆ." ಚೀಟಿಯನ್ನು ಬೋರಲು ಹಾಕುತ್ತಾಳೆ. ಮೇಜಿನ ಮೇಲೆ ಉಳಿದದ್ದು ಟೈಪು ಮಾಡಿದ ಹಾಳೆ. ಕೆಳಗೆ ಟ್ರ್ಯಾಕ್ಟರುಗಳ ಸಾಲಿನಲ್ಲಿ ಯಾರೋ ಎಂಜಿನ್ ಆರಿಸುತ್ತಾರೆ.

ಬನಿಯನ್ನಿನ ತುಂಡು ಸುತ್ತಿದ ಮೈಕಿನ ಮೂತಿಗೆ ಆಕೆ ಅಂಗೈ ಮುಚ್ಚುತ್ತಾಳೆ, ಕೆಮ್ಮು ಬಂದಾಗ ಮುಚ್ಚುವ ಹಾಗೆ.

"ಓದಿ ಅಕ್ಕ," ಎನ್ನುತ್ತಾರೆ ಮ್ಯಾನೇಜರು.

"ಇದನ್ನ ಓದಲ್ಲ ಸಾರ್."

"ನಿನ್ನೆ ಎಲ್ಲ ಮಾತಾಡಿದೀವಲ್ಲ."

"ನೀವು ಮಾತಾಡಿದ್ರಿ. ನಾನು ಸುಮ್ಮನಿದ್ದೆ."

"ಸುಮ್ಮನಿದ್ರೆ ಒಪ್ಪಿದ ಹಾಗೇ ಅಲ್ವಾ?"

"ನಿಮ್ಮಲ್ಲಿ ಹಾಗಿರಬಹುದು ಸಾರ್. ನಮ್ಮಲ್ಲಿ ಸುಮ್ಮನಿದ್ರೆ, ಇನ್ನೂ ನಾಲ್ಕು ಮೂಲೆಯಿಂದ ಕೂಗು ಬಂದಿಲ್ಲ ಅಂತ ಅರ್ಥ."

ಮ್ಯಾನೇಜರ ಕಣ್ಣು ಮೊದಲ ಬಾರಿ ಗೋಡೆಯಿಂದ ಇಳಿದು ಆಕೆಯ ಮುಖಕ್ಕೆ ಬರುತ್ತದೆ. ಅಕ್ಕ ಎಂಬುದೂ ನೀವು ಎಂಬುದೂ ಅಲ್ಲಿಗೆ ಮುಗಿಯುತ್ತವೆ.

"ನೋಡು, ನೀನಿಲ್ಲದಿದ್ರೆ ಈ ಕೆಲಸ ನಿಲ್ಲಲ್ಲ. ನಿನ್ನ ದನಿ ಪೂರ್ತಿ ನಮ್ಮ ಹತ್ರ ಇದೆ."

ಮೈಕಕ್ಕ ಹಾಳೆಯನ್ನು ಎತ್ತಿ, ಮಡಚದೆ, ಅವರ ಕಡೆಗೆ ಚಾಚುತ್ತಾಳೆ. ಅದರ ಮೇಲೆ ಬೀಗದ ಕೈ ಇಡುತ್ತಾಳೆ.

"ಇದೆ ಸಾರ್. ಹುಡುಕಿ ನೋಡಿ, ಈ ಮಾತು ಅದರಲ್ಲಿಲ್ಲ. ನಾನು ಹೇಳೋದೂ ಇಲ್ಲ."